ಗುರಿ ಕೇಳಿ ಒಂದೊಂದ್ ಹುಡುಗರಿಗೆ ಒಂದೊಂದು ಕಲಿಕಾ ಪ್ಲಾನ್: ಹೊಸ ಟ್ಯೂಷನ್ ಟೀಚರ್‌ಗಳಿಗೆ ಇದನ್ನ ಹೆಂಗ ಕಲಿಸ್ಬೇಕು

ವಿಜಯಪುರದಾಗ ಟ್ಯೂಷನ್ ಅಂದ್ರ ಗೊತ್ತೈತಲ್ರಿ, ಜಲನಗರ, ಆಶ್ರಮ ರೋಡ್, ಸ್ಟೇಷನ್ ರೋಡ್ ಎಲ್ಲಿ ಹೋದ್ರೂ ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ಅಂತ ವಸತಿ ಸಾಲಿ ಪ್ರವೇಶ ಪರೀಕ್ಷೆ ಕೋಚಿಂಗ್ ಬೋರ್ಡ್ ಕಾಣ್ತಾವ. ಇಂಡಿ, ಸಿಂದಗಿ, ತಾಳಿಕೋಟಿ ಕಡಿಯಿಂದ ಮಂದಿ ಮಕ್ಕಳನ್ನ ತಂದು ಇಲ್ಲಿ ಬಿಡ್ತಾರ, ಕೆಲವ್ರು ಅವ್ವನ್ನೂ ಜೋಡಿ ಕಳಿಸಿ ರೂಮ್ ಮಾಡಿ ಇಡ್ತಾರ. ಕಲಿಸೋರು ಯಾರಂದ್ರ ಹೆಚ್ಚಾಗಿ ಡಿಗ್ರಿ ಮುಗಿಸಿ ಬಿ.ಎಡ್ ಮಾಡಾಕತ್ತ ಹುಡುಗ್ರು ಹುಡುಗ್ಯಾರು. ವಿಷಯ ಅವರಿಗೆ ಚಂದ ಬರ್ತೈತಿ, ಮಕ್ಕಳ ಮ್ಯಾಲ ಕಾಳಜಿನೂ ಐತಿ. ಆದ್ರ "ಈ ಹುಡುಗನಿಗೆ ಮುಂದಿನ ಆರು ತಿಂಗಳು ಏನ್ ಮಾಡ್ಸ್ತೀರಿ" ಅಂತ ಕೇಳಿದ್ರ ಗೈಡ್ ತಗದು ಪರಿವಿಡಿ ತೋರಿಸ್ತಾರ. ಆ ಪರಿವಿಡಿ ಎಲ್ಲಾ ಹುಡುಗರಿಗೂ ಒಂದ ಇರ್ತೈತಿ, ಹೆಸರು ಅಷ್ಟ ಬದಲಾಗ್ತೈತಿ.

ನೀವು ಒಂದ್ ಸಣ್ಣ ಟ್ಯೂಷನ್ ನಡಸೋರಿದ್ರ, ಅಥವಾ ಹಳ್ಯಾಗ ಸಂಜಿ ಪಾಠ ನಡಸೋ ತಂಡದಾಗ ಇದ್ರ, ನಿಮ್ಮ ಕೈಯಾಗ ನಾಕೈದು ಮಂದಿ ಹೊಸ ಟೀಚರ್ ಇದ್ರ, ಇದು ನಿಮಗ ಬರ್ದದ್ದು. ಪ್ಲಾನ್ ಬರಿಯೋದು ಒಂದ್ ಕಲೆ ಅಂತ ಭಾಳ ಮಂದಿ ಅಂತಾರ, ನನಗ ಹಂಗ ಅನಸೂದಿಲ್ಲ, ಇದು ಕಲಿಸಿದ್ರ ಯಾರಿಗಾದ್ರೂ ಬರ್ತೈತಿ. ಎಲ್ಲಿ ಹೋಗ್ಬೇಕು, ಈಗ ಎಲ್ಲಿ ಅದಾನ, ನಡುವ ಎಷ್ಟು ಟೈಮ್ ಐತಿ, ಇಷ್ಟು ಗೊತ್ತಾದ್ರ ಪ್ಲಾನ್ ಅರ್ಧಾ ಮುಗೀತು. ಹೊಸಬರು ಎರಡನೇದನ್ನ ಹಾರಿ ಬಿಡ್ತಾರ, ಎಲ್ಲಾ ತೊಂದ್ರೆ ಅಲ್ಲಿಂದ ಸುರು ಆಗ್ತೈತಿ.

ಏನೂ ಹೇಳೂಕಿಂತ ಮೊದಲ ಒಂದ್ ಪ್ಲಾನ್ ಬರಸ್ರಿ

ತರಬೇತಿ ಅಂದ ಕೂಡ್ಲೇ ಪಿಪಿಟಿ ಹಾಕಿ ಮಾತಾಡಾಕ ಹೋಗಬ್ಯಾಡ್ರಿ. ಎಲ್ಲಾರಿಗೂ ಒಂದೊಂದು ಹಾಳಿ ಕೊಟ್ಟು ಬೋರ್ಡ್ ಮ್ಯಾಲ ಇಷ್ಟ ಬರೀರಿ: ಐದನೇ ಕ್ಲಾಸ್ ಹುಡುಗ, ಸರಕಾರಿ ಕನ್ನಡ ಸಾಲಿ, ಅಪ್ಪ ಒಕ್ಕಲುತನ ಮಾಡ್ತಾನ, ನವೋದಯ ಪರೀಕ್ಷೆ ಬರಿಸ್ಬೇಕಂತಾರ, ಈಗ ಜುಲೈ ತಿಂಗಳು. ಅರ್ಧಾ ತಾಸು ಟೈಮ್, ಇವನಿಗೆ ಪ್ಲಾನ್ ಬರೀರಿ. ಸಹಾಯ ಮಾಡಬ್ಯಾಡ್ರಿ, ಆದ್ರ ಯಾರಾದ್ರೂ ಏನರೇ ಕೇಳಿದ್ರ ಉತ್ತರ ಹೇಳ್ರಿ.

ಏನಾಗ್ತೈತಿ ಅಂದ್ರ, ಮೊದಲ ವಾರ ಸಂಖ್ಯೆಗಳು, ಎರಡನೇ ವಾರ ಲ.ಸಾ.ಅ ಮ.ಸಾ.ಅ, ಮೂರನೇ ವಾರ ಭಿನ್ನರಾಶಿ ಅಂತ ಎಲ್ಲಾರ್ದೂ ಹೆಚ್ಚು ಕಮ್ಮಿ ಒಂದ ನಮೂನಿ ಬರ್ತೈತಿ. "ಸರ್, ಇಂವಗ ಓದಾಕ ಬರ್ತೈತೇನ್ರಿ", "ಮನ್ಯಾಗ ಕನ್ನಡನ ಮಾತಾಡ್ತಾರೇನ್ರಿ" ಅಂತ ಕೇಳೋರು ಒಬ್ರೋ ಇಬ್ರೋ ಸಿಗ್ತಾರ. ಹಂಗ ಕೇಳಿದವ್ರ ಹೆಸರು ಬರದಿಟ್ಕೋರಿ, ಮುಂದ ಉಳದವರಿಗೆ ಜೋಡಿ ಮಾಡಿ ಕೂಡ್ರಸಾಕ ಅವರ ಬೇಕಾಗ್ತಾರ. ಹಾಳಿ ಎಲ್ಲಾ ಇಸ್ಕೊಂಡು ಒಳಗ ಇಡ್ರಿ, ಆ ದಿನ ತಪ್ಪು ಹುಡುಕಿ ಯಾರಿಗೂ ಹೇಳಬ್ಯಾಡ್ರಿ. ತರಬೇತಿ ಮುಗದ ಮ್ಯಾಲ ತಿರುಗಿ ಕೊಟ್ರ ತಮಗ ತಾವ ನೋಡ್ಕೋತಾರ.

ಗುರಿ ಕೇಳೋದು

ಪಾಲಕರು ಬಂದು ಹೇಳೋ ಗುರಿ ಹೆಂಗಿರ್ತೈತಿ ಅಂದ್ರ "ನವೋದಯ ಪಾಸ್ ಆಗ್ಬೇಕ್ರಿ", "ಇಂಗ್ಲಿಷ್ ಬರ್ಬೇಕ್ರಿ", "ಎಸ್ಸೆಸ್ಸೆಲ್ಸಿ ಗಣಿತ ಒಂದ್ ಪಾರಾದ್ರ ಸಾಕ್ರಿ". ಹೊಸ ಟೀಚರ್ ಅದನ್ನ ಹಂಗ ರಜಿಸ್ಟರ್‌ದಾಗ ಬರ್ಕೊಂಡು ಫೀ ಮಾತಾಡಿ ಕಳಸ್ತಾರ. ಅಲ್ಲೇ ಹದಿನೈದು ನಿಮಿಷ ಕುಂದರಾಕ ಕಲಿಸ್ಬೇಕು.

ಇದಕ್ಕ ಪಾತ್ರ ಹಾಕಿ ಮಾಡ್ಸೋದು ಚಲೋ. ಮೂರು ಮೂರು ಮಂದಿ ಗುಂಪು ಮಾಡ್ರಿ, ಒಬ್ರು ಪಾಲಕರು, ಒಬ್ರು ಟೀಚರ್, ಇನ್ನೊಬ್ರು ಸುಮ್ನ ಕುಂತು ಬರ್ಕೋಳೋರು. ಪಾಲಕರ ಪಾತ್ರ ಮಾಡೋರ ಕೈಯಾಗ ಒಂದ್ ಚೀಟಿ ಕೊಡ್ರಿ, ಅದರಾಗ ಕೇಳಿದ್ರ ಅಷ್ಟ ಹೇಳೋ ಒಂದ್ ಮಾತು ಇರ್ಲಿ. "ಹುಡುಗಿಗೆ ಹಾಸ್ಟೆಲ್ ಅಂದ್ರ ಅಂಜಿಕಿ", "ದೀಪಾವಳಿ ಆದ ಮ್ಯಾಲ ನಾವು ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕ ಹೋಗ್ತೀವಿ, ಹುಡುಗ ಅಜ್ಜಿ ಹತ್ರ ಇರ್ತಾನ", "ಅಣ್ಣನ ಸಲುವಾಗಿ ಇಡೀ ಮನಿ ಸಾಲದಾಗ ಐತಿ, ಇವನರೇ ಸರಕಾರಿ ಖರ್ಚಿನ್ಯಾಗ ಓದ್ಲಿ ಅಂತ", ಹಿಂತಾವು. ಟೀಚರ್ ಪಾತ್ರದವರು ಅದನ್ನ ಹೊರಗ ತರಬೇಕು, ಅದೂ ತನಿಖೆ ಮಾಡಿದಂಗ ಅನಸಬಾರದು. "ಅಣ್ಣಾರ, ಮನ್ಯಾಗ ಇಂವ ಅಭ್ಯಾಸಕ್ಕ ಎಲ್ಲಿ ಕುಂದರ್ತಾನ್ರಿ", "ಅಕ್ಕಾರ, ಸಂಜಿಕ ಕರೆಂಟ್ ಇರ್ತೈತೇನ್ರಿ", "ಯಾವ್ದು ಓದಾಕ ತಾನಾಗೇ ಕುಂದರ್ತಾಳ್ರಿ" ಅಂತ ಸುರು ಮಾಡಿದ್ರ ಮಂದಿ ತಾವಾಗೇ ಹೇಳ್ತಾ ಹೋಗ್ತಾರ. ಕೇಳಬಾರದ ಪ್ರಶ್ನೆ ಒಂದ ಐತಿ, "ಯಾವ್ದರಾಗ ವೀಕ್ ಅದಾನ್ರಿ". ಮಗನ ಮುಂದ ಅದನ್ನ ಕೇಳಿದ್ರಿ ಅಂದ್ರ ಆ ಹುಡುಗ ಅವತ್ತೇ ನಿಮ್ಮಿಂದ ದೂರ ಆದ ಅಂತ ತಿಳ್ಕೋರಿ. ಅದರ ಬದ್ಲಿ ಹಳೆ ಪರೀಕ್ಷೆ ಪೇಪರ್, ಸಾಲಿ ನೋಟ್‌ಬುಕ್ ತರಾಕ ಹೇಳ್ರಿ.

ಆಮ್ಯಾಲ ಹುಡುಗನ್ನ ಬ್ಯಾರೆ ಕೂಡ್ರಿಸಿ ಮಾತಾಡ್ಬೇಕು. ಅವನ ಗುರಿ ಬ್ಯಾರೆ ಇರಬಹುದು. ಅಪ್ಪಗ ನವೋದಯ ಬೇಕು, ಇವನಿಗೆ ಸಾಲ್ಯಾಗ ಬೋರ್ಡ್ ಮ್ಯಾಲ ಲೆಕ್ಕ ಮಾಡಾಕ ಕರದಾಗ ಎಲ್ಲಾರೂ ನಗಬಾರದು, ಅಷ್ಟ ಬೇಕಿರ್ತೈತಿ. ಆ ಎರಡನೇದು ಸಣ್ಣದು ಅಂತ ಬಿಡಬ್ಯಾಡ್ರಿ, ಪ್ಲಾನಿನ ಮೊದಲ ತಿಂಗಳು ನಡಸೋದು ಅದ. ಎರಡೂ ಗುರಿ ಹಾಳಿ ಮ್ಯಾಲ ಬರಸ್ರಿ.

ಪರೀಕ್ಷೆ ಬಗ್ಗೆ ಅಂಕಿ ಸಮೇತ ಗೊತ್ತಿರ್ಬೇಕು

ಪಾಲಕರು ಪರೀಕ್ಷೆ ಹೆಸರು ಹೇಳಿದ್ರ ಟೀಚರ್‌ಗೆ ಅದರ ಒಳಗಿಂದು ಬಾಯಾಗ ಇರ್ಬೇಕು. ನವೋದಯ ಆರನೇ ಕ್ಲಾಸ್ ಪ್ರವೇಶಕ್ಕ 80 ಪ್ರಶ್ನೆ, 100 ಅಂಕ, 2 ತಾಸು. ಅದರಾಗ ಮಾನಸಿಕ ಸಾಮರ್ಥ್ಯ 40 ಪ್ರಶ್ನೆ 50 ಅಂಕ, ಅಂಕಗಣಿತ 20 ಪ್ರಶ್ನೆ 25 ಅಂಕ, ಭಾಷೆ 20 ಪ್ರಶ್ನೆ 25 ಅಂಕ. ಮಾನಸಿಕ ಸಾಮರ್ಥ್ಯದಾಗ ಹತ್ತು ನಮೂನಿ, ಒಂದೊಂದಕ್ಕ ನಾಕು ಪ್ರಶ್ನೆ, ಗುಂಪಿಗೆ ಸೇರದ ಚಿತ್ರ, ಕನ್ನಡಿ ಬಿಂಬ, ಹಾಳಿ ಮಡಚಿ ತೂತು ಹಾಕೋದು, ಹಿಂತಾವೆಲ್ಲಾ. ಭಾಷೆ ಅಂದ್ರ ಗದ್ಯ ಓದಿ ಉತ್ತರ ಹೇಳೋದು.

ಆರನೇ ಕ್ಲಾಸಿನ ಸೈನಿಕ ಸಾಲಿ ಪರೀಕ್ಷೆ ಬ್ಯಾರೇನ. 125 ಪ್ರಶ್ನೆ, 300 ಅಂಕ, ಅದರಾಗ ಗಣಿತ ಒಂದಕ್ಕ 150. ಉಳದ 150 ಭಾಷೆ, ಬುದ್ಧಿಮತ್ತೆ, ಸಾಮಾನ್ಯ ಜ್ಞಾನಕ್ಕ 50, 50, 50 ಹಂಚಿರ್ತಾರ. ಈಗ ನೋಡ್ರಿ, ಒಂದ ಹುಡುಗ, ಒಂದ ಬುದ್ಧಿ, ಆದ್ರ ನವೋದಯ ಅಂದ್ರ ಗಣಿತ ಕಾಲು ಭಾಗ, ನಮ್ಮ ವಿಜಯಪುರ ಸೈನಿಕ ಸಾಲಿ ಅಂದ್ರ ಅರ್ಧಾ ಭಾಗ. ಎರಡಕ್ಕೂ ಒಂದ ಪ್ಲಾನ್ ಹೆಂಗ ನಡೀತೈತಿ? ಬೋರ್ಡ್ ಮ್ಯಾಲ "ನವೋದಯ-ಸೈನಿಕ ಕೋಚಿಂಗ್" ಅಂತ ಕೂಡಿಸಿ ಬರ್ದಿರ್ತಾರ, ಬರೀಲಿ, ಆದ್ರ ಟೀಚರ್ ತಲ್ಯಾಗ ಅವೆರಡೂ ಬ್ಯಾರೆ ಬ್ಯಾರೆ ಇರ್ಬೇಕು.

ಇನ್ನೊಂದು ಮಾತು ಪಾಲಕರಿಗೆ ಮೊದಲ ದಿನಾನ ಹೇಳಾಕ ಕಲಿಸ್ರಿ. ಒಂದ್ ನವೋದಯದಾಗ ಆರನೇ ಕ್ಲಾಸಿಗೆ ಹೆಚ್ಚಂದ್ರ 80 ಸೀಟು, ಅದರಾಗ ಕಮ್ಮಿ ಅಂದ್ರ 75 ಪರ್ಸೆಂಟ್ ಹಳ್ಳಿ ಮಕ್ಕಳಿಗೆ, ಮತ್ತ ಈ ಪರೀಕ್ಷೆ ಒಮ್ಮೆ ಬರದ್ರ ಎರಡನೇ ಸಲ ಅವಕಾಶ ಇಲ್ಲ. ಆಲಮಟ್ಟಿ ನವೋದಯಕ್ಕ ಇಡೀ ಜಿಲ್ಲಾದ ಮಕ್ಕಳು ಬರೀತಾರ. ಇನ್ನೂ ಒಂದ್ ಐತಿ, ಹಳ್ಳಿ ಕೋಟಾ ಸಿಗ್ಬೇಕಂದ್ರ 3, 4, 5ನೇ ಕ್ಲಾಸ್ ಹಳ್ಳಿ ಸಾಲ್ಯಾಗ ಓದಿರ್ಬೇಕು. ಕೋಚಿಂಗ್ ಸಲುವಾಗಿ ಐದನೇ ಕ್ಲಾಸಿಗೆ ಹುಡುಗನ ಅಡ್ಮಿಷನ್ ಹಳ್ಳಿಯಿಂದ ಕಿತ್ತಿ ಸಿಟಿ ಸಾಲಿಗೆ ಹಾಕಿದ್ರ ಆ ಕೋಟಾ ಹೋಗ್ತೈತಿ. ಇದನ್ನ ಮೊದಲ ಹೇಳದಿದ್ರ ಪ್ಲಾನ್ ಎಷ್ಟ ಚಂದ ಇದ್ರೂ ಏನ್ ಉಪಯೋಗ.

ಗುರಿನ ಮಾಡಿ ತೋರಸೋ ಮಾತು ಮಾಡೋದು

ಸೀಟು ಸಿಗೋದು ಹುಡುಗನ ಕೈಯಾಗೂ ಇಲ್ಲ, ಟೀಚರ್ ಕೈಯಾಗೂ ಇಲ್ಲ. ಅದಕ್ಕ ಪಾಲಕರು ಹೇಳಿದ ಗುರಿ ಹಾಳಿ ಮ್ಯಾಗ ಇರ್ಲಿ, ಅದರ ಕೆಳಗ ಹುಡುಗ ಮಾಡಿ ತೋರಸೋ ಎರಡು ಮೂರು ಮಾತು ಬರಿಯಾಕ ಕಲಿಸ್ರಿ. "ಇಂಗ್ಲಿಷ್ ಬರ್ಬೇಕು" ಅನ್ನೋದರ ಕೆಳಗ "ಮೊದಲ ನೋಡದ ಇರೋ ಅರ್ಧಾ ಪುಟ ಓದಿ ಐದು ಪ್ರಶ್ನೆದಾಗ ನಾಕಕ್ಕ ಉತ್ತರ ಹೇಳ್ತಾಳ". "ಗಣಿತ ಪಾರಾಗ್ಬೇಕು" ಅನ್ನೋದರ ಕೆಳಗ "ಎಸ್ಸೆಸ್ಸೆಲ್ಸಿ 80 ಅಂಕದ ಹಳೆ ಪೇಪರ್‌ದಾಗ ಒಂದು ಅಂಕದ್ದು, ಎರಡು ಅಂಕದ್ದು ಪ್ರಶ್ನೆ ಪುಸ್ತಕ ಮುಚ್ಚಿ ಮಾಡ್ತಾನ, ರಚನೆ ಮತ್ತ ನಕ್ಷೆ ತಪ್ಪಿಲ್ಲದ ಹಾಕ್ತಾನ".

ಆಫೀಸ್ ಮಂದಿ ಸ್ಮಾರ್ಟ್ ಗೋಲ್ ಅಂತಾರಲ್ಲ, ಗುರಿ ಹೆಂಗಿರ್ಬೇಕು ಅಂತ S, M, A, R, T ಐದು ಅಕ್ಷರದಾಗ ಹೇಳೋ ಸೂತ್ರ, 1981ರಾಗ ಜಾರ್ಜ್ ಡೋರನ್ ಅನ್ನೋರು ಮ್ಯಾನೇಜರ್‌ಗಳ ಸಲುವಾಗಿ ಬರ್ದದ್ದು, ಬಿ.ಎಡ್ ಹುಡುಗ್ರಿಗೆ ಅದು ಬಾಯಿಪಾಠ ಇರ್ತೈತಿ. ಇರ್ಲಿ, ಆದ್ರ ಐದೂ ಅಕ್ಷರಕ್ಕ ಟೇಬಲ್ ತುಂಬ್ಸಾಕ ಹೋಗಬ್ಯಾಡ್ರಿ. ಎರಡ ಪ್ರಶ್ನೆ ಕೇಳ್ರಿ ಸಾಕು: ಅಂವ ಇದನ್ನ ಮಾಡಿದ್ದು ಬ್ಯಾರೆಯವ್ರು ಕಣ್ಣಾರೆ ನೋಡಬಹುದೇನು? ಯಾವಾಗ ನೋಡ್ತೀರಿ? "ತಿಳುವಳಿಕೆ ಹೆಚ್ಚಾಗ್ತೈತಿ", "ಆಸಕ್ತಿ ಬೆಳೀತೈತಿ" ಅಂತ ಬರ್ದದ್ದು ಈ ಎರಡು ಪ್ರಶ್ನೆ ಮುಂದ ನಿಲ್ಲೂದಿಲ್ಲ.

ಈಗ ಎಲ್ಲಿ ಅದಾನ ಅನ್ನೋದು

ಇಲ್ಲಿ ಟೈಮ್ ಹಾಕ್ರಿ, ಎಷ್ಟ ಹಾಕಿದ್ರೂ ಕಮ್ಮಿನ. ತರಬೇತಿದಾಗ ಅರ್ಧಾ ಭಾಗ ಇದಕ್ಕ ಕೊಡ್ಬೇಕು ಅಂತ ನಾ ಹೇಳ್ತೀನಿ.

ಮೊದಲ ಓದು. ಪ್ರಥಮ್ ಸಂಸ್ಥೆಯವ್ರು 2005ರಿಂದ ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರ್ತೈತಿ ಅಂತ ನೋಡೋ ಅಸರ್ ಸಮೀಕ್ಷೆ ಮಾಡ್ತಾರಲ್ಲ, ಅದರಾಗ ಓದಿನ ಹಂತ ಭಾಳ ಸರಳ ಅದಾವ: ಅಕ್ಷರ, ಪದ, ಒಂದನೇ ಕ್ಲಾಸ್ ಮಟ್ಟದ ನಾಕು ಸಾಲು, ಎರಡನೇ ಕ್ಲಾಸ್ ಮಟ್ಟದ ಕಥಿ. ಲೆಕ್ಕಕ್ಕೂ ಹಂಗ, ಅಂಕಿ ಗುರುತಿಸೋದು, ದಶಕ ತಗೊಂಡು ಕಳೆಯೋದು, ಮೂರಂಕಿನ ಒಂದಂಕಿಯಿಂದ ಭಾಗ್ಸೋದು. ಐದನೇ ಕ್ಲಾಸ್ ಹುಡುಗ ಅಂತ ನಾಚ್ಕೋಬ್ಯಾಡ್ರಿ, ಕೆಳಗಿಂದ ಸುರು ಮಾಡ್ರಿ, ಎರಡು ನಿಮಿಷದಾಗ ಮ್ಯಾಲ ಬಂದ್ರ ಬರ್ತಾನ. ನಲಿ-ಕಲಿ ಕ್ಲಾಸಿನ್ಯಾಗ ಕಲಿಕಾ ಏಣಿ, ಮೈಲಿಗಲ್ಲು ಅಂತ ಇರ್ತಿತ್ತಲ್ಲ, 1995ರಾಗ ಮೈಸೂರು ಕಡೆ ಎಚ್.ಡಿ. ಕೋಟೆದಾಗ ಸುರು ಆಗಿ ಆಮ್ಯಾಲ ರಾಜ್ಯದ ಸರಕಾರಿ ಸಾಲಿಗೆಲ್ಲಾ ಬಂದಿದ್ದು. ನಿಮ್ಮ ಹೊಸ ಟೀಚರ್‌ಗಳೊಳಗ ಎಷ್ಟೋ ಮಂದಿ ಆ ಏಣಿ ಹತ್ತಿ ಬಂದವರ ಇರ್ತಾರ, ಆ ಹೆಸರು ಹೇಳಿದ್ರ ಅವರಿಗೆ ಪಟ್ ಅಂತ ತಿಳೀತೈತಿ, ಹುಡುಗ ನಿಂತ ಮೆಟ್ಟಲು ಹುಡುಕೋದು ಅಂದ್ರ ಏನು ಅಂತ.

ಆಮ್ಯಾಲ ಮಾತಿನ ಲೆಕ್ಕ. "ರಾಜು 3 ಡಜನ್ ಬಾಳೆಹಣ್ಣು ತಂದನು. ಅದರಲ್ಲಿ 8 ಹಣ್ಣು ಕೊಳೆತವು. ಉಳಿದವನ್ನು 4 ಮಂದಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು ಹಣ್ಣು?" ಹುಡುಗ 15 ಅಂತ ಬರದ. ಮೂರು, ಎಂಟು, ನಾಕು ಕೂಡಿಸಿ ಬಿಟ್ಟಾನ. ಹೊಸ ಟೀಚರ್ ತಕ್ಷಣ "ಭಾಗಾಕಾರ ಬರಾಂಗಿಲ್ಲ" ಅಂತ ಬರ್ಕೋತಾರ. ಬರ್ಕೋಬ್ಯಾಡ್ರಿ, ತಡೀರಿ.

ಆಸ್ಟ್ರೇಲಿಯಾದ ಆನ್ ನ್ಯೂಮನ್ ಅನ್ನೋರು 1977ರಾಗ ಇಂಥಾ ತಪ್ಪಿಗೆ ಐದು ಪ್ರಶ್ನೆ ಹಾಕಿಕೊಟ್ಟಾರ, ನಮ್ಮ ಮಾತಿನ್ಯಾಗ ಹೇಳ್ಬೇಕಂದ್ರ: ಲೆಕ್ಕ ಓದಿ ತೋರ್ಸು. ಏನ್ ಕೇಳ್ಯಾರ ಹೇಳು. ಹೆಂಗ ಮಾಡ್ತಿ ಹೇಳು. ಮಾಡ್ಕೋತ ಬಾಯಿಬಿಟ್ಟು ಹೇಳು. ಈಗ ಉತ್ತರ ಬರಿ. ಈ ಹುಡುಗನ್ನ ಕೂಡ್ರಿಸಿ ಕೇಳಿದ್ರ ಓದೋದು ಓದ್ದ. "ಏನ್ ಕೇಳ್ಯಾರಪ್ಪಾ" ಅಂದ್ರ "ಒಟ್ಟ ಎಷ್ಟು ಅಂತ್ರಿ" ಅಂದ. ಅಲ್ಲಿ ಐತಿ ನೋಡ್ರಿ ಗಂಟು. "ತಮ್ಮಾ, ಸಮನಾಗಿ ಹಂಚೋದು ಅಂದ್ರ ಏನು" ಅಂದ್ರ ಸುಮ್ನ ಕುಂತ. ಮನ್ಯಾಗ ಲಂಬಾಣಿ ಮಾತಾಡೋ ತಾಂಡಾದ ಹುಡುಗ, ಸಾಲಿ ಪುಸ್ತಕದ ಕನ್ನಡ ಅವನಿಗೆ ಇನ್ನೂ ಹೊರಗಿಂದು. ಅದ ಲೆಕ್ಕ "28 ಪೇರಲಹಣ್ಣು ಅದಾವ, ನಾಕು ಮಂದಿ ಜಗಳ ಆಗದಂಗ ತಗೋಬೇಕು" ಅಂದ್ರ ಏಳು ಅಂತ ಕೂಡ್ಲೇ ಹೇಳ್ತಾನ. ಇವನಿಗೆ ಭಾಗಾಕಾರದ ನೂರು ಲೆಕ್ಕ ಮಾಡ್ಸಿದ್ರ ನೂರೂ ಸರಿ ಮಾಡ್ತಾನ, ಪರೀಕ್ಷೆದಾಗ ಮತ್ತ ಕೂಡಿಸ್ತಾನ. ಪ್ಲಾನಿನ್ಯಾಗ ಬರಬೇಕಾದ್ದು ದಿನಾ ಹತ್ತು ನಿಮಿಷ ಲೆಕ್ಕ ಓದಿ ತನ್ನ ಮಾತಿನ್ಯಾಗ ಹೇಳೋ ರೂಢಿ. ಉರ್ದು ಮಾತಾಡೋ ಮನಿ, ಮರಾಠಿ ಮಾತಾಡೋ ಮನಿ ಮಕ್ಕಳ ವಿಷಯದಾಗೂ ಇದನ್ನ ಮೊದಲ ನೋಡ್ಬೇಕು.

ಇನ್ನೊಂದು ತಪ್ಪು ಎಲ್ಲಾ ಕಡೆ ಸಿಗ್ತೈತಿ. ಅರ್ಧಕ್ಕ ಮೂರನೇ ಒಂದು ಕೂಡ್ಸು ಅಂದ್ರ ಮ್ಯಾಲಿಂದು ಮ್ಯಾಲಿಂದು ಕೂಡಿಸಿ, ಕೆಳಗಿಂದು ಕೆಳಗಿಂದು ಕೂಡಿಸಿ 2/5 ಅಂತ ಬರೀತಾರ. ಟೀಚರ್ ರೂಲ್ ಹೇಳಿ ಕೊಡ್ತಾರ, ಛೇದ ಒಂದ ಮಾಡ್ಬೇಕು ಅಂತ, ಹುಡುಗ ಅವತ್ತು ಮಾಡ್ತಾನ, ಎಂಟು ದಿನಕ್ಕ ಮತ್ತ 2/5. ನೀವು ತರಬೇತಿದಾಗ ಟೀಚರ್‌ಗಳಿಗೆ ಇದನ್ನ ಕೇಳ್ರಿ: ಅರ್ಧಾ ರೊಟ್ಟಿ ತಿಂದ ಮ್ಯಾಲ ಇನ್ನೊಂದು ಮೂರನೇ ಒಂದು ಪಾಲು ತಿಂದ್ರ ಅರ್ಧಕ್ಕಿಂತ ಹೆಚ್ಚಾಗ್ಬೇಕೋ ಕಮ್ಮಿ ಆಗ್ಬೇಕೋ? 2/5 ಅಂದ್ರ ಅರ್ಧಕ್ಕಿಂತ ಕಮ್ಮಿ. ಹುಡುಗಗ ಇದು ಹೊಳೀಲಿಲ್ಲ ಅಂದ್ರ ಭಿನ್ನರಾಶಿ ಅವನಿಗೆ ಇನ್ನೂ ಎರಡು ಅಂಕಿ ಮ್ಯಾಗೊಂದು ಕೆಳಗೊಂದು ಬರ್ದದ್ದು ಅಷ್ಟ, ಒಂದ್ ಪ್ರಮಾಣ ಅನ್ನೋದು ತಲ್ಯಾಗ ಬಂದಿಲ್ಲ. ಆಗ ಪ್ಲಾನಿನ್ಯಾಗ "ಭಿನ್ನರಾಶಿ ಕೂಡಿಸೋದು" ಅಂತ ಬರಿಯೂಕಿಂತ ಮೊದಲ "ಯಾವ್ದು ದೊಡ್ಡದು, ಅರ್ಧಕ್ಕಿಂತ ಹೆಚ್ಚೋ ಕಮ್ಮಿಯೋ" ಅಂತ ಒಂದ್ ವಾರ ಹಾಳಿ ಮಡಚಿ, ರೊಟ್ಟಿ ಮುರದು ಮಾಡ್ಸೋದು ಬರೀಬೇಕು.

ತರಬೇತಿಗೆ ನಿಮ್ಮ ಹತ್ರ ಇರೋ ಮಕ್ಕಳ ಹಳೆ ನೋಟ್‌ಬುಕ್ಕಿನ ಝೆರಾಕ್ಸ್ ತಗದು, ಹೆಸರು ಮುಚ್ಚಿ, ಜೋಡಿ ಜೋಡಿ ಕೂಡ್ರಿಸಿ ಕೊಡ್ರಿ. "ತಪ್ಪು" ಅಂತ ಕೆಂಪ್ ಗೀಟ್ ಹಾಕೋದು ಬ್ಯಾಡ, "ಈ ಹುಡುಗ ಏನ್ ತಿಳ್ಕೊಂಡಿದ್ರ ಹಿಂಗ ಬರೀತಾನ" ಅಂತ ಒಂದ್ ಸಾಲು ಬರಸ್ರಿ. ಇದು ಒಮ್ಮೆ ರೂಢಿ ಆತಂದ್ರ ಟೀಚರ್ ಬದಲಾಗಿ ಬಿಡ್ತಾರ, ಪ್ಲಾನ್ ಆಮ್ಯಾಲ ಸುಲಭ.

ಅಕ್ಷರ ಕೂಡಸಾಕ ವಿಪರೀತ ಕಷ್ಟ ಪಡೋ ಮಕ್ಕಳು ಸಿಗ್ತಾರ, ಎಷ್ಟ ಮಾಡಿದ್ರೂ ಹತ್ತೂದಿಲ್ಲ. ಅವರಿಗೆ ಟೀಚರ್ ತಾವ ಯಾವ ಹೆಸರೂ ಇಡಬಾರದು, ಆಲಸಿ ಅಂತೂ ಅನ್ನಲೇಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆದಾಗ ಕಲಿಕಾ ನ್ಯೂನತೆನೂ ಸೇರೈತಿ, ಪರೀಕ್ಷೆದಾಗ ಹೆಚ್ಚಿನ ಟೈಮ್ ಹಿಂತಾವು ಸಿಗ್ತಾವ, ಅದಕ್ಕ ಮೊದಲ ಕಣ್ಣು ಕಿವಿ ತೋರಸ್ರಿ, ಆಮ್ಯಾಲ ತಜ್ಞರ ಹತ್ರ ಕರ್ಕೊಂಡು ಹೋಗ್ರಿ ಅಂತ ಪಾಲಕರಿಗೆ ಮೆಲ್ಲಕ ಹೇಳಾಕ ಕಲಿಸ್ರಿ.

ತಾಸಿನ ಲೆಕ್ಕ

ಈಗ ನಮ್ಮ ಜುಲೈ ಹುಡುಗಗ ಬರೋಣು. ಡಿಸೆಂಬರ್ ನಡುವಿನ ತನಕ ಅಂದಾಜು 24 ವಾರ, ವಾರಕ್ಕ 5 ದಿನ, ದಿನಕ್ಕ 1 ತಾಸು, 120 ತಾಸು ಆತು. ಹೊಸಬರು 120 ತಾಸಿಗೂ ಪಾಠ ತುಂಬ್ತಾರ. ಇದರಾಗ ಕಾಲು ಭಾಗ ತಗದು ಬಿಡ್ರಿ. ದಸರಾ ರಜಾ, ದೀಪಾವಳಿ, ಜ್ವರ, ಮದಿವಿ, ಹೊಲದ ಸುಗ್ಗಿ, ಎಲ್ಲಾ ಬರೋವ. 90 ತಾಸು ಕೈಯಾಗ ಐತಿ ಅಂತ ತಿಳ್ಕೋರಿ.

ಆ 90 ಹಂಚೋದು ಹುಡುಗನ್ನ ನೋಡಿ. ಇಂವ ಚಿತ್ರದ ಪ್ರಶ್ನೆ ಹತ್ತರಾಗ ಏಳು ತಾನಾಗೇ ಮಾಡಿದ, ಲೆಕ್ಕದಾಗ ಭಿನ್ನರಾಶಿ ಇಲ್ಲ, ಓದು ನಿಧಾನ ಅಂತ ಇಟಗೋರಿ. ಆಗ ಅಂಕಗಣಿತಕ್ಕ 40, ಮಾನಸಿಕ ಸಾಮರ್ಥ್ಯಕ್ಕ 20, ಓದಿಗೆ 15, ಪೂರ್ತಿ ಪೇಪರ್ ಬರ್ಸಿ ತಪ್ಪು ನೋಡಾಕ 15. ಅಂಕ ಹೆಚ್ಚಿರೋ ಕಡೆ ತಾಸು ಯಾಕ ಕಮ್ಮಿ ಅಂತ ಟೀಚರ್ ಕೇಳ್ತಾರ, ಕೇಳ್ಬೇಕು. ಅಲ್ಲಿ ಅಂವ ಮುಂದ ಅದಾನ, ಇನ್ನಷ್ಟು ತಾಸು ಹಾಕಿದ್ರೂ ಸಿಗೋ ಅಂಕ ಕಮ್ಮಿ. ಬ್ಯಾರೆ ಹುಡುಗಿಗೆ ಇದ ಪರೀಕ್ಷೆಗೆ ಇದು ಪೂರಾ ಉಲ್ಟಾ ಇರಬಹುದು, ಅಕಿಗೆ ಕನ್ನಡಿ ಬಿಂಬ, ಹಾಳಿ ಮಡಚೋದು ಹತ್ತೂದಿಲ್ಲ ಅಂದ್ರ ಅಲ್ಲಿ 40 ಹೋಗ್ತಾವ.

ಊರಿನ ಕ್ಯಾಲೆಂಡರ್ ಗೋಡಿಗೆ ಹಾಕ್ಕೊಂಡ ಪ್ಲಾನ್ ಬರಸ್ರಿ. ಎಳ್ಳಮಾಸಿಗೆ ಚರಗ ಚೆಲ್ಲಾಕ ಎಲ್ಲಾರೂ ಹೊಲಕ್ಕ ಹೋಗ್ತಾರ, ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿ, ತೊಗರಿ ರಾಶಿ ಟೈಮಿಗೆ ದೊಡ್ಡ ಹುಡುಗ್ರು ಮನ್ಯಾಗ ಬೇಕಾಗ್ತಾರ. ಆ ವಾರಕ್ಕ ಹೊಸ ಪಾಠ ಇಡಬ್ಯಾಡ್ರಿ, ಹಳೇದು ತಿರುವಿ ಹಾಕೋದು ಇಡ್ರಿ. ಕಬ್ಬು ಕಡಿಯಾಕ ಹೋಗೋ ಮನಿ ಮಕ್ಕಳಿಗಂತೂ ದೀಪಾವಳಿಗಿಂತ ಮೊದಲ ಮುಖ್ಯದ್ದು ಮುಗೀಬೇಕು, ಆಮ್ಯಾಲಿಂದು ಅಪ್ಪನ ಮೊಬೈಲ್‌ಗೆ ದಿನಾ ನಾಕು ಪ್ರಶ್ನೆ ವಾಟ್ಸಾಪ್ ಮಾಡೋದು, ಹುಡುಗ ಬರದು ಫೋಟೋ ಕಳಸೋದು ಅಂತ ಬರ್ದಿಟ್ಟಿರ್ಬೇಕು.

ಒಂದ ಹಾಳಿ

ಪ್ಲಾನ್ ಒಂದ ಹಾಳ್ಯಾಗ ಮುಗೀಬೇಕು, ಪಾಲಕರು ಓದಿದ್ರ ತಿಳೀಬೇಕು, ಹುಡುಗಗ ಓದಿ ಹೇಳಿದ್ರ ಅವನಿಗೂ ತಿಳೀಬೇಕು. ಮ್ಯಾಲ ಎರಡೂ ಗುರಿ, ಅದರ ಕೆಳಗ ಮಾಡಿ ತೋರಸೋ ಮಾತು. ಆಮ್ಯಾಲ "ಈಗ ಏನ್ ಬರ್ತೈತಿ" ಅಂತ ಮೊದಲ ಬರೀರಿ, "ಏನ್ ಬರೂದಿಲ್ಲ" ಆಮ್ಯಾಲ. ನಡುವ ಮುಂದಿನ ಹದಿನೈದು ದಿನದ್ದು ಮಾತ್ರ ಬಿಡಿಸಿ ಬರೀರಿ, ಉಳದ ತಿಂಗಳಿಗೆ ಒಂದೊಂದು ಸಾಲು ಸಾಕು. ನಮ್ಮ ಹುಡುಗಂದು ಹಿಂಗ ಆಗ್ತೈತಿ: ದಿನಾ ಹತ್ತು ನಿಮಿಷ ಮಾತಿನ ಲೆಕ್ಕ ಓದಿ ತನ್ನ ಮಾತಿನ್ಯಾಗ ಹೇಳೋದು, ಇಪ್ಪತ್ತೈದು ನಿಮಿಷ ಭಿನ್ನರಾಶಿ, ಅದೂ ಮೊದಲ ವಾರ ಹಾಳಿ ಮಡಚಿ ದೊಡ್ಡದು ಸಣ್ಣದು, ಎರಡನೇ ವಾರ ಸಮಾನ ಭಿನ್ನರಾಶಿ, ಹದಿನೈದು ನಿಮಿಷ ಚಿತ್ರದ ಪ್ರಶ್ನೆ ಒಂದ ನಮೂನಿದು, ಕಡೀಕ ಹತ್ತು ನಿಮಿಷ ನಿನ್ನೆ ಮೊನ್ನೆದು ತಿರುವಿ ಹಾಕೋದು. ಮನ್ಯಾಗ ಮಾಡೋದು ಒಂದ ಕೆಲಸ, ಕಾಲು ತಾಸಿಂದು, ಅವ್ವಗ ಓದಾಕ ಬರದಿದ್ರೂ ನೋಡಿ ತಿಳಿಯುವಂಥಾದ್ದು, ಒಂದ್ ಪುಟ ಗಟ್ಟಿಯಾಗಿ ಓದೋದು ಅನ್ನೋಹಂಗ.

ಹದಿನೈದು ದಿನಕ್ಕ ಮೂರು ವಿಷಯದ ಮ್ಯಾಲ ಹಾಕಿದ್ರ ಆ ಹಾಳಿ ವಾಪಸ್ ಕೊಡ್ರಿ, ಏನ್ ತಗೀತೀರಿ ನೀವ ಹೇಳ್ರಿ ಅಂತ. ತಗಿಯೋದು ಕಲಿಯೋದು ಹೊಸಬರಿಗೆ ಸೇರಸೋದಕ್ಕಿಂತ ಕಷ್ಟ.

ಹದಿನೈದು ದಿನಕ್ಕೊಮ್ಮೆ ತಿರುಗಿ ನೋಡೋದು

ಬೆಂಜಮಿನ್ ಬ್ಲೂಮ್ ಅನ್ನೋ ಅಮೆರಿಕಾದ ಶಿಕ್ಷಣ ತಜ್ಞರು 1984ರಾಗ ಬರದ್ರು, ಒಬ್ರಿಗೊಬ್ರು ಕುಂತು ಕಲಿಸಿದ ಮಕ್ಕಳು ಸಾದಾ ಕ್ಲಾಸಿನ ಮಕ್ಕಳಿಗಿಂತ ಭಾಳ ಮುಂದ ಹೋದ್ರು ಅಂತ. ಆಮ್ಯಾಲ ಬಂದ ಅಧ್ಯಯನದಾಗ ಅಷ್ಟು ದೊಡ್ಡ ಅಂತರ ಕಂಡಿಲ್ಲ, ಆದ್ರ ಅದರಾಗ ನಾವು ಹಿಡ್ಕೋಬೇಕಾದ್ದು ಬ್ಯಾರೆ ಐತಿ. ಆ ಮಕ್ಕಳಿಗೆ ನಡುನಡುವ ಸಣ್ಣ ಟೆಸ್ಟ್ ಇಟ್ಟು, ತಪ್ಪಿದ್ದನ್ನ ತಿದ್ದಿ, ಮತ್ತ ಟೆಸ್ಟ್ ಇಟ್ಟು ಮುಂದ ಕರ್ಕೊಂಡು ಹೋಗಿದ್ರು. ಬರೇ ಬಾಜೂಕ ಕುಂತ್ರ ಆಗೂದಿಲ್ಲ.

ನಾವು ಟೀಚರ್‌ಗಳಿಗೆ ಹೇಳೋ ರೂಢಿ ಲೆಕ್ಕ ಹಿಂಗೈತಿ. ಕಲಿಸಿದ ದಿನ ಟೆಸ್ಟ್ ಬ್ಯಾಡ, ಅವತ್ತು ಎಲ್ಲಾರಿಗೂ ಬರ್ತೈತಿ. ಎರಡು ದಿನ ಬಿಟ್ಟು ಹತ್ತು ಪ್ರಶ್ನೆ ಕೊಡ್ರಿ. ಎಂಟರ ಮ್ಯಾಲ ಸರಿ ಇದ್ರ ಮುಂದಿಂದಕ್ಕ ಹೋಗ್ರಿ. ಐದರಿಂದ ಏಳು ಬಂದ್ರ ಅದನ್ನ ಇನ್ನೊಂದು ರೀತಿಲೆ ಕಲಿಸ್ರಿ, ಅದ ರೀತಿ ಜೋರಾಗಿ ಹೇಳಬ್ಯಾಡ್ರಿ. ಐದಕ್ಕಿಂತ ಕಮ್ಮಿ ಅಂದ್ರ ನೀವು ಮೆಟ್ಟಲು ತಪ್ಪು ಹಿಡದೀರಿ, ಒಂದ್ ಕೆಳಗ ಇಳೀರಿ. ಮುಂದ ಹೋದದ್ದನ್ನೂ ಒಂದ್ ವಾರಕ್ಕ, ಮೂರು ವಾರಕ್ಕ ಮತ್ತ ಕೇಳ್ಬೇಕು, ಮರೆಯೋದು ಹೆಂಗ ನಡೀತೈತಿ ಅಂತ ಎಬ್ಬಿಂಗ್‌ಹೌಸ್ ಅನ್ನೋರು 1885ರಾಗ ತಮ್ಮ ಮ್ಯಾಲ ತಾವ ಪ್ರಯೋಗ ಮಾಡಿ ತೋರಿಸ್ಯಾರ, ಬಿಟ್ಟು ಬಿಟ್ಟು ತಿರುವಿ ಹಾಕಿದ್ದು ನಿಲ್ತೈತಿ.

ಹದಿನೈದು ದಿನಕ್ಕ ಹಾಳಿ ತಗದು ಹುಡುಗನ ಮುಂದ ಇಟ್ಟು "ಯಾವ್ದು ಬಂತು, ಯಾವ್ದು ಇನ್ನೂ ಕಾಡ್ತೈತಿ" ಅಂತ ಅವನ್ನ ಕೇಳ್ರಿ, ಅವನ ಕೈಲೆ ಟಿಕ್ ಹಾಕಸ್ರಿ. ಪಾಲಕರಿಗೆ ಫೋನ್ ಮಾಡಿ ಎರಡು ಮಾತು: ಹೊಸದಾಗಿ ಏನ್ ಬಂತು, ಮುಂದಿನ ಹದಿನೈದು ದಿನ ಏನ್ ಮಾಡ್ತೀವಿ. ಪಾಲಕರು "ಬಾಜೂ ಮನಿ ಹುಡುಗಗ ಎಷ್ಟು ಬಿದ್ದಾವ್ರಿ" ಅಂತ ಕೇಳೇ ಕೇಳ್ತಾರ, ಅದಕ್ಕ ಉತ್ತರ ಕೊಡದ "ಅಕ್ಕಾರ, ನಿಮ್ಮ ಹುಡುಗ ಜುಲೈದಾಗ ಹಿಂಗಿದ್ದ, ಈಗ ಹಿಂಗ ಅದಾನ" ಅಂತ ಎರಡು ನೋಟ್‌ಬುಕ್ ಬಾಜೂ ಬಾಜೂ ಇಟ್ಟು ತೋರ್ಸಾಕ ಕಲಿಸ್ರಿ. ಇದನ್ನೂ ಪಾತ್ರ ಹಾಕಿ ಮಾಡ್ಸ್ರಿ, ಬಾಯಿಗೆ ಬರೂತನಕ.

ತರಬೇತಿ ಕೊಡೋರು ಏನ್ ಮಾಡ್ಬೇಕು

ಟೀಚರ್ ಬರದ ಪ್ಲಾನ್ ನೀವು ತಿದ್ದಿ ಬರದು ಕೊಡಬ್ಯಾಡ್ರಿ, ಎಷ್ಟ ಕೈ ತುರಿಸಿದ್ರೂ. ನೀವು ಬರದ್ರ ಅದು ನಿಮ್ಮ ಪ್ಲಾನ್, ಅವರು ಅದನ್ನ ನಡಸ್ತಾರ ಅಷ್ಟ, ನಡುವ ಹುಡುಗ ಸಿಕ್ಕೊಂಡ್ರ ಏನ್ ಬದಲಿ ಮಾಡ್ಬೇಕು ಅವರಿಗೆ ಹೊಳೆಯೂದಿಲ್ಲ. ಪ್ರಶ್ನೆ ಕೇಳ್ರಿ. ಇದನ್ನ ಯಾಕ ಮೊದಲ ಇಟ್ರಿ? ಇದು ಬರೂದಿಲ್ಲ ಅಂತ ಯಾವ್ದು ನೋಡಿ ಹೇಳ್ತೀರಿ, ನೋಟ್‌ಬುಕ್ ತೋರಸ್ರಿ. ಎರಡು ವಾರ ಹುಡುಗ ಬರಲಿಲ್ಲ ಅಂದ್ರ ಯಾವ್ದು ಬಿಡ್ತೀರಿ? ಹೆಸರು ಮುಚ್ಚಿದ್ರ ಇದು ಯಾರ ಪ್ಲಾನ್ ಅಂತ ಗುರ್ತು ಹಿಡೀಬಹುದೇನು? ಕಡೀ ಪ್ರಶ್ನೆ ಭಾಳ ಕೆಲಸ ಮಾಡ್ತೈತಿ. ನಾಕು ಮಕ್ಕಳ ಪ್ಲಾನ್ ಹೆಸರು ಮುಚ್ಚಿ ಟೇಬಲ್ ಮ್ಯಾಲ ಹಾಕಿ, ಆ ಮಕ್ಕಳನ್ನ ದಿನಾ ನೋಡೋ ಇನ್ನೊಬ್ಬ ಟೀಚರ್‌ಗೆ ಯಾವ್ದು ಯಾರ್ದು ಹೇಳ್ರಿ ಅನ್ನಿ. ಹೇಳಾಕ ಬರಲಿಲ್ಲ ಅಂದ್ರ ನಾಕೂ ಮತ್ತ ಬರೀಬೇಕು.

ತರಬೇತಿ ಒಂದ ದಿನಕ್ಕ ಮುಗಿಸಿ ಸರ್ಟಿಫಿಕೇಟ್ ಕೊಡೋ ಪದ್ಧತಿ ನನಗ ಸೇರೂದಿಲ್ಲ. ಮೊದಲ ಸಲ ಗುರಿ ಕೇಳೋದು, ತಪ್ಪು ಓದೋದು ಕಲಿಸಿ ಕಳಸ್ರಿ, ನಿಜವಾದ ಒಬ್ಬ ಹುಡುಗನ್ನ ತಗೊಂಡು ಹೋಗ್ಲಿ. ಮುಂದಿನ ವಾರ ಆ ಹುಡುಗನ ನೋಟ್‌ಬುಕ್ ಜೋಡಿ ಬರ್ಲಿ, ಕೂಡಿ ಪ್ಲಾನ್ ಮಾಡ್ರಿ. ಹದಿನೈದು ದಿನ ಬಿಟ್ಟು ಮತ್ತ ಸೇರ್ರಿ, ಆಗ ಏನ್ ಬದಲಿ ಮಾಡಿದ್ರಿ ಅಂತ ಕೇಳ್ರಿ. ಏನೂ ಬದಲಿ ಮಾಡಿಲ್ಲ ಅಂದವ್ರ ಹತ್ರ ಹೆಚ್ಚು ಹೊತ್ತು ಕುಂದರ್ರಿ, ಪ್ಲಾನ್ ಅಷ್ಟ ಕರೆಕ್ಟ್ ಆಗಿ ನಡಿಯೋದು ಅಪರೂಪ, ಹೆಚ್ಚಾಗಿ ಅವರು ಹುಡುಗನ್ನ ನೋಡದ ಹಾಳಿ ನೋಡಿ ನಡಸಿರ್ತಾರ. ಒಬ್ಬ ಹೊಸ ಟೀಚರ್‌ಗೆ ಸುರುವಿನ್ಯಾಗ ಮೂರು ನಾಕು ಪ್ಲಾನ್ ಸಾಕು, ಒಮ್ಮೆಲೆ ಇಪ್ಪತ್ತು ಮಂದಿದು ಬರೀ ಅಂದ್ರ ಝೆರಾಕ್ಸ್ ಸುರು ಆಗ್ತೈತಿ, ಅದು ಅವರ ತಪ್ಪಲ್ಲ.

ಪರೀಕ್ಷೆ ಮುಗದ ಮ್ಯಾಲ ಆ ಹಾಳಿ ನಿಮ್ಮ ಕಪಾಟಿನ್ಯಾಗ ಇಡಬ್ಯಾಡ್ರಿ. ಸೀಟು ಸಿಗ್ಲಿ ಬಿಡ್ಲಿ, ಕೆಳಗ "ಈಗ ಇಲ್ಲಿ ತನಕ ಬಂದಾನ, ಮುಂದ ದಶಮಾಂಶ ಸುರು ಮಾಡಬಹುದು, ಲೆಕ್ಕ ಓದಿ ಹೇಳೋ ರೂಢಿ ಬಿಡಿಸಬ್ಯಾಡ್ರಿ" ಅಂತ ಎರಡು ಸಾಲು ಬರದು, ಒಂದ್ ಪ್ರತಿ ಪಾಲಕರ ಕೈಯಾಗ ಕೊಡ್ರಿ, ಆರನೇ ಕ್ಲಾಸಿಗೆ ಯಾವ ಸಾಲಿಗೆ ಹೋಗ್ತಾನೋ ಅಲ್ಲಿ ಗಣಿತದ ಮಾಸ್ತರಿಗೆ ಇಲ್ಲಾ ಅಕ್ಕೋರಿಗೆ ತೋರಸ್ರಿ ಅಂತ ಹೇಳಿ ಕಳಸ್ರಿ.